ಮೋಟಾರ್ ಕಟ್ಟುವ ಕೈಗೆ ಗಿಟಾರ್ ಕಟ್ಟಲು ಬಾರದೇ?

ನಮ್ಮ ಮಿಡಿಗೇಶಿ ಹೋಬಳಿಯಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟರೆ ಯಾರೂ ತಕ್ಷಣ ಹೊಸದು ಕೊಳ್ಳಲು ಓಡುವುದಿಲ್ಲ. ಬೆಳಿಗ್ಗೆ ಎತ್ತಿಸಿ ವೈಂಡಿಂಗ್ ಅಂಗಡಿಗೆ ತಂದು ಹಾಕಿದರೆ ಒಂದೆರಡು ದಿನದಲ್ಲಿ ಅದು ಮತ್ತೆ ಬಾವಿಗೆ ಇಳಿದು ನೀರೆತ್ತುತ್ತದೆ. ಅದೇ ಹೋಬಳಿಯ ಹುಡುಗನೊಬ್ಬನ ಬಾಸ್ ಗಿಟಾರ್ ಸದ್ದು ನಿಲ್ಲಿಸಿದರೆ ಅವನ ಮುಂದಿರುವುದು ಎರಡೇ ದಾರಿ: ಬೆಂಗಳೂರಿನ ಬಸ್ಸು ಹತ್ತಬೇಕು, ಇಲ್ಲವೇ ಅದನ್ನು ಅಟ್ಟಕ್ಕೆ ಹಾಕಬೇಕು. ಹೆಚ್ಚಿನವು ಅಟ್ಟವನ್ನೇ ಸೇರುತ್ತವೆ. ಮೋಟಾರಿನ ಒಳಗಿರುವುದೂ ಅಯಸ್ಕಾಂತದ ಆಟ, ಸುತ್ತಿದ ತಾಮ್ರದ ತಂತಿ. ಗಿಟಾರಿನ ಒಳಗಿರುವುದೂ ಅದೇ. ಒಂದನ್ನು ಕಣ್ಣು ಮುಚ್ಚಿ ಬಿಚ್ಚುವ ನಾವು ಇನ್ನೊಂದನ್ನು ಮುಟ್ಟಲು ಏಕೆ ಹೆದರುತ್ತೇವೆ?

ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಮುಗಿಸಿ ಇಂಥದ್ದೇ ಒಂದು ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವವನು. ಜೊತೆಗೆ ಮೂರು ವರ್ಷಗಳಿಂದ ಗಿಟಾರ್, ಬಾಸ್, ತಂಬೂರಿ ಎಂದು ತಂತಿ ಇರುವ ಯಾವುದು ಬಂದರೂ ಬಿಚ್ಚಿ ನೋಡುತ್ತಿದ್ದೇನೆ. ವಾದ್ಯ ರಿಪೇರಿ ಒಂದು ಕಸುಬು, ಅದನ್ನು ಕಲಿಯಲು ಬೇಕಾದ ಕೈ ನಮ್ಮ ಬಯಲುಸೀಮೆಯ ಹುಡುಗ–ಹುಡುಗಿಯರಲ್ಲಿ ಈಗಾಗಲೇ ಇದೆ, ಆದರೆ ಅದಕ್ಕೆ ಕಸುಬು ಎಂಬ ಹೆಸರನ್ನು ಇನ್ನೂ ಯಾರೂ ಕೊಟ್ಟಿಲ್ಲ ಎನ್ನುವುದು ನನ್ನ ವಾದ.

ಬಾಸ್ ಎಂದರೆ ಏನು ಎಂದು ನಮ್ಮ ಅಂಗಡಿಗೆ ಬರುವ ರೈತರು ಕೇಳುತ್ತಾರೆ. ಜಾತ್ರೆಯ ರಸಮಂಜರಿಯಲ್ಲಿ ಎದೆಗೂಡಿನ ಒಳಗೆ ‘ಗುಂ’ ಎನ್ನುತ್ತದಲ್ಲ, ಅದು ಎನ್ನುತ್ತೇನೆ. ನಾಲ್ಕು ದಪ್ಪ ತಂತಿ. ಅತ್ಯಂತ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 41 ಬಾರಿ ಅಲುಗುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ಅದು ಸರಿಯಾಗಿ ಕೇಳಿಸುವುದೇ ಇಲ್ಲ. ಹಾಗಾಗಿ ಇಷ್ಟಪಡುವ ಹಾಡಿನಲ್ಲಿ ಬಾಸ್ ಇತ್ತು ಎಂಬುದೇ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಈಚೆಗೆ ಹೆಚ್ಚಿನ ಆರ್ಕೆಸ್ಟ್ರಾಗಳು ಕೀಬೋರ್ಡಿನ ಎಡಗೈಗೇ ಆ ಕೆಲಸ ವಹಿಸಿ ಬಾಸ್ ನುಡಿಸುವವನ ಸಂಬಳ ಉಳಿಸುತ್ತಿವೆ. ಅದು ಬೇರೆಯೇ ಜಗಳ, ಇಲ್ಲಿ ಬೇಡ.

ಈ ವಾದ್ಯವನ್ನು ಜಗತ್ತಿಗೆ ಕೊಟ್ಟವನು ಸಂಗೀತಗಾರನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಲಿಯೋ ಫೆಂಡರ್. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆಗ ಬ್ಯಾಂಡುಗಳಲ್ಲಿ ಬಾಸ್ ಎಂದರೆ ಆಳೆತ್ತರದ, ನಿಂತು ನುಡಿಸುವ, ಫ್ರೆಟ್‌ಗಳಿಲ್ಲದ ದೊಡ್ಡ ಪಿಟೀಲಿನಂಥ ವಾದ್ಯ. ಹೊತ್ತೊಯ್ಯುವುದು ಕಷ್ಟ, ಸದ್ದು ಸಾಲದು, ಸ್ವರ ತಪ್ಪುವುದು ಸುಲಭ. 1951ರಲ್ಲಿ ಫೆಂಡರ್ ಒಂದು ಹಲಗೆಗೆ ಉದ್ದನೆಯ ಕತ್ತನ್ನು ನಾಲ್ಕು ಸ್ಕ್ರೂಗಳಿಂದ ಬಿಗಿದು, ಫ್ರೆಟ್ ಕೂರಿಸಿ, ಅದಕ್ಕೆ ‘ಪ್ರಿಸಿಷನ್ ಬಾಸ್’ ಎಂದು ಹೆಸರಿಟ್ಟ. ಸ್ವರ ನಿಖರವಾಗಿ ಬೀಳುತ್ತದೆ ಎಂಬುದೇ ಹೆಸರಿನ ಅರ್ಥ. ನನಗೆ ಇಷ್ಟವಾಗುವುದು ಆ ನಾಲ್ಕು ಸ್ಕ್ರೂ. ಕತ್ತು ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ಮುಂದೊಂದು ದಿನ ಇದು ಕೆಡುತ್ತದೆ, ಯಾರೋ ಇದನ್ನು ಬಿಚ್ಚುತ್ತಾರೆ ಎಂದು ಗೊತ್ತಿದ್ದವನು ಮಾಡಿದ ವಾದ್ಯ ಅದು. ರಿಪೇರಿಯವನ ಬುದ್ಧಿ.

ಗಿಟಾರಿನ ತಂತಿಗಳ ಕೆಳಗೆ ಕಪ್ಪು ಪಟ್ಟಿಯಂತೆ ಕಾಣುವುದೇ ಪಿಕಪ್. ಅಯಸ್ಕಾಂತದ ಸುತ್ತ ಎನಾಮಲ್ ಲೇಪಿಸಿದ ತಾಮ್ರದ ತಂತಿ ಸುತ್ತಿರುತ್ತಾರೆ, ಒಂದೊಂದು ಕಾಯಿಲ್‌ಗೆ ಸಾವಿರಾರು ಸುತ್ತು, ಕೆಲವಕ್ಕೆ ಹತ್ತು ಸಾವಿರದ ಆಸುಪಾಸು. ಮೋಟಾರಿನಲ್ಲಿ ಕರೆಂಟ್ ಕೊಟ್ಟರೆ ತಿರುಗುತ್ತದೆ. ಇಲ್ಲಿ ಮೇಲಿನ ಉಕ್ಕಿನ ತಂತಿ ಅಲುಗಿದರೆ ಕರೆಂಟ್ ಹುಟ್ಟುತ್ತದೆ. ಸೀಲಿಂಗ್ ಫ್ಯಾನಿನ ಕಾಯಿಲ್ ಸುತ್ತಿದವನಿಗೆ ಇದರಲ್ಲಿ ಹೊಸದೇನಿಲ್ಲ, ತಂತಿ ಮಾತ್ರ ಬಹಳ ಸಣ್ಣದು, ಸುಮಾರು 0.06 ಮಿಲಿಮೀಟರ್. ಕೂದಲೆಳೆಯಷ್ಟೇ. ಹಿಮ್ಮಡಿ ಮುಟ್ಟುವಷ್ಟು ಕೂದಲಿದ್ದ ಹೆಣ್ಣೊಬ್ಬಳಿಂದ ಮಿಡಿಗೇಶಿಗೆ ಆ ಹೆಸರು ಬಂತು ಎನ್ನುವ ಕಥೆ ಇರುವ ಊರಿನವರಿಗೆ ಕೂದಲೆಳೆಯ ಕೆಲಸ ಒಗ್ಗದೇ ಇರುತ್ತದೆಯೇ ಎಂದು ನಾನು ಅಂಗಡಿಯಲ್ಲಿ ತಮಾಷೆ ಮಾಡುವುದುಂಟು. ಕೈ ಬಿಗಿಯಾದರೆ ತಂತಿ ತುಂಡಾಗುತ್ತದೆ, ಸಡಿಲವಾದರೆ ಕಾಯಿಲ್ ಕೀಚಲಿಡುತ್ತದೆ. ಸುತ್ತಿದ ಮೇಲೆ ಮಲ್ಟಿಮೀಟರ್ ಇಟ್ಟು ನೋಡಿದರೆ ಕಿಲೋ ಓಮ್ ಲೆಕ್ಕದಲ್ಲಿ ಉತ್ತರ ಸಿಗುತ್ತದೆ; ಏನೂ ತೋರಿಸದಿದ್ದರೆ ಎಲ್ಲೋ ಕಡಿದಿದೆ ಎಂದೇ ಅರ್ಥ.

ಆದರೆ ನಿಜ ಹೇಳಬೇಕೆಂದರೆ ‘ಸತ್ತುಹೋಗಿದೆ’ ಎಂದು ನನ್ನಲ್ಲಿಗೆ ಬಂದ ಬಾಸ್‌ಗಳಲ್ಲಿ ಪಿಕಪ್ ಸುಟ್ಟಿದ್ದು ಒಂದೇ ಒಂದು. ಉಳಿದವಕ್ಕೆ ವೈರ್ ಚುಚ್ಚುವ ಜಾಕ್‌ನಲ್ಲಿ ಬೆಸುಗೆ ಬಿಟ್ಟಿತ್ತು, ಇಲ್ಲವೇ ವಾಲ್ಯೂಮ್ ತಿರುಗುಣಿಯ ಒಳಗೆ ದೂಳು ಕೂತಿತ್ತು. ನಮ್ಮೂರಿನ ಕೆಂಪು ದೂಳು ಎಲ್ಲಿಗೆ ಹೋಗುವುದಿಲ್ಲ! ಹತ್ತು ರೂಪಾಯಿಯ ಸೀಸ, ಅರ್ಧ ಗಂಟೆಯ ಕೆಲಸ. ಅದಕ್ಕಾಗಿ ಹನ್ನೆರಡು–ಹದಿನೈದು ಸಾವಿರ ಕೊಟ್ಟು ಕೊಂಡ ವಾದ್ಯ ವರ್ಷಗಟ್ಟಲೆ ಅಟ್ಟದ ಮೇಲೆ ಬಿದ್ದಿತ್ತು.

ಕಾಲೇಜಿನ ಗೆಳೆಯರು ಕೊಳ್ಳುವ ಮೊದಲು ನನ್ನನ್ನು ಕೇಳುತ್ತಾರೆ. ಬಣ್ಣ ನೋಡಬೇಡಿ, ಕತ್ತು ನೋಡಿ ಎನ್ನುತ್ತೇನೆ. ಬಂದೂಕಿಗೆ ಗುರಿ ಹಿಡಿದಂತೆ ಕಣ್ಣಿನ ಮುಂದೆ ಹಿಡಿದರೆ ಕತ್ತು ನೆಟ್ಟಗಿದೆಯೋ ತಿರುಚಿದೆಯೋ ಗೊತ್ತಾಗುತ್ತದೆ. ಸ್ವಲ್ಪ ಬಾಗಿದ್ದರೆ ಚಿಂತೆಯಿಲ್ಲ, ಒಳಗೆ ಉಕ್ಕಿನ ಸರಳು ಇರುತ್ತದೆ, ಅದನ್ನು ಕಾಲು ಸುತ್ತು ತಿರುಗಿಸಿ ಸರಿಮಾಡಬಹುದು. ಹಗ್ಗದಂತೆ ತಿರುಚಿಕೊಂಡಿದ್ದರೆ ಮಾತ್ರ ಬಿಟ್ಟುಬಿಡಿ. ಬಾಸಿನ ನಾಲ್ಕು ತಂತಿಗಳು ಸೇರಿ ಆ ಕತ್ತನ್ನು ಹಗಲೂ ರಾತ್ರಿ ಸುಮಾರು 75 ಕೆ.ಜಿ. ಬಲದಲ್ಲಿ ಎಳೆಯುತ್ತಿರುತ್ತವೆ, ಒಂದೂವರೆ ಮೂಟೆ ರಾಗಿಯ ಭಾರ. ಸೆಕೆಂಡ್‌ಹ್ಯಾಂಡ್ ಆದರೆ ಇನ್ನೂ ಒಳ್ಳೆಯದು: ನಾಲ್ಕು ಬೇಸಿಗೆ ನೋಡಿಯೂ ನೆಟ್ಟಗಿರುವ ಕತ್ತು ಇನ್ನು ಕೆಡುವುದು ಅಪರೂಪ. ಆಮೇಲೆ ಪ್ರತಿ ಫ್ರೆಟ್ ಒತ್ತಿ ನುಡಿಸಿ, ತಿರುಗುಣಿಗಳನ್ನು ತಿರುಗಿಸಿ, ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿದಾಗ ಬರುವ ಸ್ವರವೂ ಅಲ್ಲೇ ಬೆರಳು ಸುಮ್ಮನೆ ತಾಗಿಸಿದಾಗ ಬರುವ ಸ್ವರವೂ ಒಂದೇ ಇದೆಯೇ ಕೇಳಿ. ಹೊಸ ಕಂಪನಿ ವಾದ್ಯದ ಹೊಳಪಿಗಿಂತ ಈ ಹತ್ತು ನಿಮಿಷದ ತಪಾಸಣೆ ಮೇಲು.

ಹನ್ನೆರಡನೇ ಫ್ರೆಟ್ ಎಂದೆನಲ್ಲ, ಅದು ತಂತಿಯ ಸರಿಯಾದ ಅರ್ಧ. ಬಾಸಿನ ತಂತಿಯ ಅಳತೆ ಸಾಮಾನ್ಯವಾಗಿ 34 ಇಂಚು, ಅಂದರೆ 863.6 ಮಿ.ಮೀ. ಅದನ್ನು 17.817ರಿಂದ ಭಾಗಿಸಿದರೆ 48.47; ಮೊದಲ ಫ್ರೆಟ್ ಅಷ್ಟು ದೂರಕ್ಕೆ ಬರಬೇಕು. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು, ಹೀಗೇ ಮುಂದಕ್ಕೆ. ಎಸ್ಸೆಸ್ಸೆಲ್ಸಿಯಲ್ಲಿ ಗುಣೋತ್ತರ ಶ್ರೇಢಿ ಯಾವ ಉಪಯೋಗಕ್ಕೆ ಎಂದು ಮೇಷ್ಟ್ರನ್ನು ಕೇಳುತ್ತಿದ್ದೆವು. ಉತ್ತರ ಗಿಟಾರಿನ ಕತ್ತಿನ ಮೇಲೆ ಬರೆದಿತ್ತು.

ಮರದ ವಿಷಯಕ್ಕೆ ಬಂದರೆ ನಾವು ಬಡವರಲ್ಲ. ಜಗತ್ತಿನ ಬಹುಪಾಲು ದೊಡ್ಡ ಗಿಟಾರ್ ಕಂಪನಿಗಳು ಕತ್ತಿನ ಮೇಲಿನ ಪಟ್ಟಿಗೆ ಬಳಸಿಕೊಂಡು ಬಂದಿರುವುದು ‘ಇಂಡಿಯನ್ ರೋಸ್‌ವುಡ್’ ಎನ್ನುವ ನಮ್ಮ ಪಶ್ಚಿಮ ಘಟ್ಟದ ಬೀಟೆಯನ್ನು. 2017ರಲ್ಲಿ ಆ ಜಾತಿಯ ಮರಗಳೆಲ್ಲದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅನುಮತಿ ಪತ್ರ ಕಡ್ಡಾಯವಾದಾಗ ಪ್ರಪಂಚದ ಗಿಟಾರ್ ಉದ್ಯಮವೇ ಗಲಿಬಿಲಿಗೊಂಡಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮರ ನಮ್ಮದು, ವಾದ್ಯ ಅವರದು, ಅದನ್ನು ತಿರುಗಿ ಕೊಳ್ಳುವವರು ನಾವು. ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಬೇಕಾದದ್ದೇ. ಆದರೆ ಹಲಸು? ಗುಬ್ಬಿ ತಾಲ್ಲೂಕಿನ ಚೇಳೂರಿನ ‘ಸಿದ್ದು’ ಹಲಸಿನಿಂದಾಗಿ ನಮ್ಮ ಜಿಲ್ಲೆಯ ಹೆಸರು ದೂರದೂರಕ್ಕೆ ಹೋಗಿದೆ. ಹಣ್ಣು ಎಲ್ಲರಿಗೂ ಗೊತ್ತು. ವೀಣೆಯ ಕೊಡ ಕೊರೆಯುವುದೂ ಹಲಸಿನ ಮರದಲ್ಲೇ ಎಂಬುದು ಎಷ್ಟು ಜನಕ್ಕೆ ಗೊತ್ತು?

ನಾನು ಮಾಡಿದ ಒಂದೇ ಬಾಸಿನ ಮೈ ಕೂಡ ಹಲಸಿನದೇ. ಹಳೇ ಮನೆ ಕೆಡವುವಾಗ ಸಿಕ್ಕ ಹಲಗೆ, ನಲವತ್ತು ವರ್ಷ ಒಣಗಿದ್ದು. ಗಿಟಾರಿಗೆ ಒಣಗಿದ ಮರವೇ ಪ್ರಾಣ. ಹಸಿ ಮರದಲ್ಲಿ ಮಾಡಿದರೆ ಒಂದು ಬೇಸಿಗೆಗೇ ಬಿರುಕು. 45 ಮಿ.ಮೀ. ದಪ್ಪಕ್ಕೆ ಹತ್ತರಿ ಹೊಡೆದು, ಅಂಚಿನ ಹುಳ ಬಿದ್ದ ಬಿಳಿ ಭಾಗ ತೆಗೆದು, ಆಕಾರ ಕೊಯ್ದದ್ದು ಊರಿನ ಬಡಗಿ ಅಣ್ಣ. ‘ಏನಪ್ಪಾ ಇದು, ರೊಟ್ಟಿ ಮಣೆಗೆ ಸೊಂಟ ಮಾಡ್ಸಿದಂಗೈತೆ’ ಎಂದು ನಕ್ಕರು. ಕತ್ತನ್ನು ಮಾತ್ರ ಸಿದ್ಧವಾಗಿ ಕೊಂಡೆ. ಹೊಸಬರಿಗೆ ನನ್ನ ಸಲಹೆಯೂ ಅದೇ: ಮೊದಲು ಮೈ ಮಾಡಿ, ಕತ್ತಿಗೆ ಕೈ ಹಾಕಬೇಡಿ. ಅರ್ಧ ಮಿಲಿಮೀಟರ್ ಆಚೀಚೆಯಾದರೂ ಮೈ ಕ್ಷಮಿಸುತ್ತದೆ, ಕತ್ತು ಕ್ಷಮಿಸುವುದಿಲ್ಲ.

ಹಲಸಿನ ವಿದ್ಯೆ ನಿಜಕ್ಕೂ ನೋಡಬೇಕೆಂದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರಕ್ಕೆ ಹೋಗಬೇಕು. ಮಧುಗಿರಿ, ಕೊರಟಗೆರೆ, ದಾಬಸ್‌ಪೇಟೆ ಹಾದು ಹೋದರೆ ನಮಗೆ ಸುಮಾರು ನೂರು ಕಿಲೋಮೀಟರ್. ಪೆನ್ನ ಓಬಳಯ್ಯ ಎಂಬ ಹಿರಿಯರ ಹೆಸರಿನೊಂದಿಗೆ ಬೆಸೆದುಕೊಂಡ ಊರು ಅದು. ಸಾಮಾನ್ಯ ಹಳ್ಳಿ. ಆದರೆ ಅಲ್ಲಿನ ಮನೆಗಳಲ್ಲಿ ವೀಣೆ ಹುಟ್ಟುತ್ತದೆ. ಬಾಚಿ, ಉಳಿ ಹಿಡಿದು ಹಲಸಿನ ಕೊರಡನ್ನು ಕೊಡವಾಗಿ ಟೊಳ್ಳು ಮಾಡುತ್ತಾರೆ, ದಂಡಿ ಜೋಡಿಸುತ್ತಾರೆ, ಬಿರಡೆ ಕೂರಿಸುತ್ತಾರೆ. ವೀಣೆಗೆ 24 ಮೆಟ್ಟಿಲು. ಗಿಟಾರಿನಂತೆ ಅವನ್ನು ಲೆಕ್ಕ ಹಾಕಿ ಮರಕ್ಕೆ ಹೊಡೆಯುವುದಿಲ್ಲ. ಮೇಣದ ಮೇಲೆ ಒಂದೊಂದನ್ನೂ ಕಿವಿಯಿಂದಲೇ ಅಳೆದು ಕೂರಿಸುತ್ತಾರೆ. ಕೆಲವು ವರ್ಷಗಳಿಗೊಮ್ಮೆ ಮೇಣ ಸಡಿಲಾದಾಗ ಮತ್ತೆ ಕೂರಿಸಬೇಕು. ನನ್ನ 17.817 ಅಲ್ಲಿ ಕೆಲಸಕ್ಕೆ ಬಾರದು.

ಕಛೇರಿಯಲ್ಲಿ ವೀಣೆ ನುಡಿಸಿದವರಿಗೆ ಶಾಲು ಹೊದಿಸುತ್ತಾರೆ. ಮೃದಂಗದವರಿಗೂ, ಮೈಕಿನವರಿಗೂ ಕೃತಜ್ಞತೆ ಹೇಳುತ್ತಾರೆ. ಆ ವೀಣೆ ಮಾಡಿದವರು ಯಾರು ಎಂದು ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ನುಡಿಸುವುದು ಕಲೆ, ಮಾಡುವುದು ಕೂಲಿ ಎಂದು ನಾವು ಎಂದೋ ತೀರ್ಮಾನಿಸಿಬಿಟ್ಟಿದ್ದೇವೆ. ನಮ್ಮ ವಯಸ್ಸಿನವರು ಈ ಕಸುಬಿನ ಕಡೆ ತಲೆಹಾಕದೇ ಇರಲು ದುಡ್ಡಿಗಿಂತ ಇದು ದೊಡ್ಡ ಕಾರಣ ಎಂದು ನನ್ನ ಅನಿಸಿಕೆ.

ದುರಸ್ತಿಯಿಂದ ಒಂದು ಊರೇ ಬದುಕಿದ ಉದಾಹರಣೆ ನಮ್ಮ ಗಡಿಯಾಚೆ ಇದೆ. ಬೆಳಗಾವಿ ಜಿಲ್ಲೆಗೆ ಅಂಟಿಕೊಂಡಿರುವ ಮಿರಜ್‌ನಲ್ಲಿ ಶಿಕಲಗಾರ ಮನೆತನದವರು ಕತ್ತಿ, ಆಯುಧಗಳಿಗೆ ಹದ ಹಾಕುತ್ತಿದ್ದವರು. ಬ್ರಿಟಿಷರ ಕಾಲದಲ್ಲಿ ಕತ್ತಿ ಕೇಳುವವರಿಲ್ಲದಾದರು. ಆಗ ಅವರು ಸಂಗೀತಗಾರರ ಕೆಟ್ಟ ತಂಬೂರಿಗಳನ್ನು ಸರಿಪಡಿಸುತ್ತ, ಆಮೇಲೆ ತಾವೇ ಸಿತಾರ್, ತಂಬೂರಿ ಮಾಡತೊಡಗಿದರು. ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆದ ಬುರುಡೆಗಳಿಂದ ಮಾಡುವ ಆ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಕೈಯಲ್ಲಿದ್ದ ಒಂದು ವಿದ್ಯೆಗೆ ಗಿರಾಕಿ ಇಲ್ಲವಾದಾಗ ಅದೇ ಕೈಯನ್ನು ಇನ್ನೊಂದಕ್ಕೆ ತಿರುಗಿಸಿದರು. ನಮ್ಮಲ್ಲಿ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ಬತ್ತುತ್ತಿರುವಾಗ ವೈಂಡಿಂಗ್ ಅಂಗಡಿಯವರೂ ಈ ಬಗ್ಗೆ ಯೋಚಿಸಬೇಕಾದ ದಿನ ದೂರವಿಲ್ಲ.

ತಂಬೂರಿಯ ಮಾತು ಬಂತು. ನಮ್ಮ ಹಳ್ಳಿಗಳ ಭಜನೆ ಮನೆಗಳಲ್ಲಿ ತತ್ವಪದಕ್ಕೆ ಹಿಡಿಯುವ ಹಳೇ ತಂಬೂರಿ, ಏಕತಾರಿಗಳು ಇನ್ನೂ ಉಳಿದಿವೆ. ಪಕ್ಕದ ಹಳ್ಳಿಯ ಭಜನೆ ಮನೆಯವರು ಬುರುಡೆ ಸೀಳಿದ ತಂಬೂರಿಯೊಂದನ್ನು ಕೆರೆಗೆ ಬಿಡಲು ತೀರ್ಮಾನಿಸಿದ್ದರು. ಮುಕ್ಕಾದದ್ದನ್ನು ಮನೆಯಲ್ಲಿ ಇಡಬಾರದಂತೆ. ಒಂದು ವಾರ ಕೊಡಿ ತಾತ ಎಂದು ಬೇಡಿ ತಂದೆ. ಬಿರುಕಿಗೆ ಒಳಗಿನಿಂದ ಬಟ್ಟೆಯ ಪಟ್ಟಿ ಇಟ್ಟು ಗೋಂದು ಹಾಕಿದೆ, ಜಾರುತ್ತಿದ್ದ ಬಿರಡೆಗೆ ಸೀಮೆಸುಣ್ಣ ಬಳಿದೆ, ಕುದುರೆಯ ಮೇಲೆ ಸವೆದ ಜಾಗ ಉಜ್ಜಿದೆ. ತಂತಿ ಕಟ್ಟಿದ ಮೇಲೂ ಅದು ಮಂಕಾಗಿಯೇ ನುಡಿಯುತ್ತಿತ್ತು. ಹಿಂತಿರುಗಿಸುವಾಗ ತಾತ ಏನೂ ಹೇಳದೆ ತನ್ನ ಪಂಚೆಯ ಅಂಚಿನಿಂದ ಒಂದು ಎಳೆ ಕಿತ್ತು, ಕುದುರೆಗೂ ತಂತಿಗೂ ನಡುವೆ ತೂರಿಸಿ ಹಿಂದೆ ಮುಂದೆ ಸರಿಸಿದರು. ಒಂದು ಜಾಗದಲ್ಲಿ ತಂತಿ ಝೇಂಕರಿಸಿತು. ಆ ನೂಲಿಗೆ ಜೀವಾಳ ಎನ್ನುತ್ತಾರೆ. ಯಾವ ವಿಡಿಯೊ ನೋಡಿಯೂ ಆ ಜಾಗ ಹುಡುಕಲು ನನಗೆ ಬರುತ್ತಿರಲಿಲ್ಲ. ಈಗ ಬರುತ್ತದೆ, ತಾತ ಕೈ ಹಿಡಿದು ತೋರಿಸಿದ್ದರಿಂದ. ಇಂಥವರು ಇರುವಷ್ಟು ದಿನ ಮಾತ್ರ ಇದನ್ನು ಕಲಿಯಬಹುದು.

ಒಂದು ಮಾತು ಸೇರಿಸಲೇಬೇಕು. ಹಳೆಯದನ್ನು ಸರಿಮಾಡುವುದೆಂದರೆ ಹೊಸದರಂತೆ ಹೊಳೆಯಿಸುವುದಲ್ಲ. ಅಜ್ಜಿಯ ವೀಣೆಗೆ ಕಾರಿನ ಬಣ್ಣ ಹೊಡೆಸಿ ಫೋಟೊ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದಪ್ಪ ಬಣ್ಣದ ಕೆಳಗೆ ಮರ ಉಸಿರುಗಟ್ಟುತ್ತದೆ, ಬೆರಳು ಸವೆಸಿದ ಗುರುತು ಅಳಿಸುತ್ತದೆ. ನುಡಿಯಲು ಬೇಕಾದಷ್ಟು ಮಾತ್ರ ಮಾಡಿ ಕೈ ತೆಗೆಯುವುದೇ ಕಷ್ಟದ ಪಾಠ.

ಇದರಿಂದ ಹೊಟ್ಟೆ ತುಂಬುತ್ತದೆಯೇ? ಮಿಡಿಗೇಶಿಯಲ್ಲಿ ಕುಳಿತು ಇದೊಂದನ್ನೇ ಮಾಡಿದರೆ ತುಂಬುವುದಿಲ್ಲ. ನನಗೆ ತಿಂಗಳಿಗೆ ಎರಡೋ ಮೂರೋ ವಾದ್ಯ ಬರುತ್ತವೆ. ತಂತಿ ಬದಲಿಸಿ, ಕತ್ತು ಸರಿಮಾಡಿ, ಬೆಸುಗೆ ಹಾಕಿದರೆ ಐನೂರರಿಂದ ಎಂಟುನೂರು ರೂಪಾಯಿ. ಶಿರಾ, ಪಾವಗಡ ಕಡೆಯಿಂದ ಬಸ್ಸಿನಲ್ಲಿ ಕಳಿಸುವವರೂ ಇದ್ದಾರೆ. ಆದರೆ ಇದು ಬರುವ ಕಾಲ ನೋಡಿ. ಮೋಟಾರ್ ಸುಡುವುದು ಬೇಸಿಗೆಯಲ್ಲಿ. ಆಗ ನಮಗೆ ಊಟಕ್ಕೂ ಬಿಡುವಿರುವುದಿಲ್ಲ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಿಂದ ಹಿಡಿದು ಊರೂರ ಜಾತ್ರೆ ಮುಗಿಯುವತನಕ ಆರ್ಕೆಸ್ಟ್ರಾದವರೂ ವಾದ್ಯ ಕೈಬಿಡುವುದಿಲ್ಲ. ಮಳೆ ಶುರುವಾಗಿ ನಮ್ಮ ಅಂಗಡಿ ಖಾಲಿಯಾದಾಗ ಅವರೂ ಖಾಲಿಯಾಗಿ, ಬೆವರು–ದೂಳು ಮೆತ್ತಿದ ಗಿಟಾರ್ ಹಿಡಿದು ಬರುತ್ತಾರೆ. ಒಂದು ಕಸುಬಿನ ಸುಗ್ಗಿ ಮುಗಿದಲ್ಲಿ ಇನ್ನೊಂದರದು ಆರಂಭ. ವಸಂತನರಸಾಪುರದ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಹೋದ ನನ್ನ ಜೊತೆಯವರು ಕೆಲಸ ತಪ್ಪಿದ ತಿಂಗಳು ಊರಿಗೆ ಬಂದು ಕೂರುತ್ತಾರೆ. ನಾನು ಆ ತಿಂಗಳು ಪಿಕಪ್ ಸುತ್ತುತ್ತಿರುತ್ತೇನೆ.

ಸರ್ಕಾರದ ಕಡೆ ನೋಡಿದರೆ, 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳ ಪಟ್ಟಿ ಇದೆ. ಬಡಗಿ, ಕಮ್ಮಾರ, ಕುಂಬಾರರಿಂದ ಹಿಡಿದು ಬೀಗ ಮಾಡುವವರು, ಹೂಮಾಲೆ ಕಟ್ಟುವವರು, ಮೀನಿನ ಬಲೆ ಹೆಣೆಯುವವರು, ಗೊಂಬೆ ಮಾಡುವವರವರೆಗೆ ಎಲ್ಲರೂ ಇದ್ದಾರೆ. ಇರಲೇಬೇಕು. ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ. ಒಳ್ಳೆಯ ಯೋಜನೆಯೇ. ಆದರೆ ಆ ಹದಿನೆಂಟರಲ್ಲಿ ವಾದ್ಯ ಮಾಡುವವರಿಲ್ಲ. ಅರ್ಜಿ ತುಂಬುವ ಕೇಂದ್ರವೊಂದರಲ್ಲಿ ವಿಚಾರಿಸಿದಾಗ ‘ಬಡಗಿ ಅಂತ ಹಾಕ್ಬಿಡ್ರಿ, ಏನಾಗಲ್ಲ’ ಎಂದರು. ಏನಾಗುತ್ತದೆ ಎಂದರೆ, ಕಿಟಕಿ ಚೌಕಟ್ಟು ಮಾಡುವ ಸಲಕರಣೆ ಬರುತ್ತದೆ, ಮಂಚ ಮಾಡುವ ತರಬೇತಿ ಸಿಗುತ್ತದೆ. ವೀಣೆಯ ಮೆಟ್ಟಿಲು ಕೂರಿಸುವ ಕಿವಿಗೆ, ಪಿಕಪ್ ಸುತ್ತುವ ಬೆರಳಿಗೆ ಆ ಪಟ್ಟಿಯಲ್ಲಿ ಮನೆಯಿಲ್ಲ. ಕೆಲಸ ಹುಡುಕುವ ನಾವು ಪಟ್ಟಿ ನೋಡಿಯೇ ಏನು ಕಲಿಯಬೇಕೆಂದು ತೀರ್ಮಾನಿಸುವವರು. ಪಟ್ಟಿಯಲ್ಲಿ ಇಲ್ಲದ ಕಸುಬು ಮನೆಯವರ ಕಣ್ಣಿಗೆ ಹವ್ಯಾಸ, ಬ್ಯಾಂಕಿನವರ ಕಣ್ಣಿಗೆ ಅದೂ ಅಲ್ಲ.

ನಾನು ಕೇಳುವುದು ಹೊಸ ಕಾಲೇಜನ್ನಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಪೈಕಿ ಯಾವುದಾದರೂ ಒಂದು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಮತ್ತು ಮರಗೆಲಸದ ವಿದ್ಯಾರ್ಥಿಗಳನ್ನು ಒಟ್ಟಿಗೆ ಕೂರಿಸಿ ಮೂರು ತಿಂಗಳ ಒಂದು ಕೋರ್ಸ್ ಮಾಡಲಿ. ಮೊದಲ ತಿಂಗಳು ಬೆಸುಗೆ, ಕಾಯಿಲ್, ಮಲ್ಟಿಮೀಟರ್. ಎರಡನೇ ತಿಂಗಳು ಮರ, ಗೋಂದು, ಫ್ರೆಟ್. ಮೂರನೆಯದು ಸಿಂಪಾಡಿಪುರದ ಹಿರಿಯರ ಅಂಗಳದಲ್ಲಿ, ಅವರಿಗೆ ಅತಿಥಿ ಉಪನ್ಯಾಸಕರ ಸಂಬಳ ಕೊಟ್ಟು. ಪದವಿ ಇಲ್ಲ ಎಂಬ ಕಾರಣಕ್ಕೆ ಆ ಸಂಬಳ ತಡೆಯಬಾರದು, ಈ ಷರತ್ತನ್ನು ಈಗಲೇ ಬರೆದಿಡಬೇಕು. ಕಲಿಯಲು ಹೊಸ ವಾದ್ಯ ಕೊಳ್ಳುವ ಅಗತ್ಯವೂ ಇಲ್ಲ. ತಾಲ್ಲೂಕಿನ ಅಟ್ಟಗಳನ್ನು ಒಂದು ಸುತ್ತು ಹುಡುಕಿಸಿದರೆ ಸಾಕು, ಮೊದಲ ವರ್ಷಕ್ಕೆ ಆಗುವಷ್ಟು ಸಿಗುತ್ತದೆ.